ಹಾಯಿದೋಣಿಯ ಸಂಸಾರ ಮತ್ತು ರಿಪೇರಿ

ಸಂಪಾದಕರೇ,

ಹಾಯಿದೋಣಿಯಲ್ಲಿ ಸಂಸಾರ ಹೂಡಿ ಸಮುದ್ರ ಸುತ್ತುವ ಕುಟುಂಬಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಊರಿಂದ ಅಕ್ಕ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಳು. ಫೋಟೊಗಳು ಚೆನ್ನಾಗಿವೆ. ಡಾಲ್ಫಿನ್ ಇದೆ, ಬಿಳಿ ಹಾಯಿ ಇದೆ, ಕಾಲು ಚಾಚಿ ಕೂತು ಕಾಫಿ ಕುಡಿಯುವ ಗಂಡ ಹೆಂಡತಿ ಇದ್ದಾರೆ. ಎರಡು ಪುಟದ ಲೇಖನದಲ್ಲಿ ಒಂದೇ ಒಂದು ಸ್ಪ್ಯಾನರ್ ಇಲ್ಲ, ಗ್ರೀಸ್ ಮೆತ್ತಿದ ಒಂದು ಕೈ ಇಲ್ಲ. ಓದಿದ ಮೇಲೆ ನಮ್ಮ ಪರಿಚಯದವರೊಬ್ಬರು ಬೆಂಗಳೂರಿನಿಂದ ಫೋನ್ ಮಾಡಿ, ಫ್ಲಾಟ್ ಮಾರಿ ಬೋಟ್ ತಗೊಂಡರೆ ಹೇಗೆ ಅಂತ ಕೇಳಿದರು. ಹಾಗಾಗಿ ಈ ಪತ್ರ. ಉದ್ದ ಆಗುತ್ತೆ, ಕತ್ತರಿ ಹಾಕುವ ಸ್ವಾತಂತ್ರ್ಯ ನಿಮಗಿದೆ.

ನಾವು ಹೊನ್ನಾವರ ಕಡೆಯವರು. ಸಿಂಗಪುರದಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಹಳೆಯ ಫೈಬರ್ ಬೋಟ್ ಕೊಂಡೆವು, ಮೂವತ್ತೆಂಟು ಅಡಿಯದ್ದು. ಈಗ ಗಂಡ, ನಾನು, ಇಬ್ಬರು ಮಕ್ಕಳು ಅದರಲ್ಲೇ ವಾಸ. ಸದ್ಯ ಮಲೇಷ್ಯಾದ ಲಂಕಾವಿ ದ್ವೀಪದಲ್ಲಿದ್ದೇವೆ. ಈ ಜೀವನ ನನಗೆ ಇಷ್ಟ, ಬಿಟ್ಟು ಬರುವ ಯೋಚನೆ ಇಲ್ಲ. ನನ್ನ ತಕರಾರು ಆ ಲೇಖನದ ಒಂದು ಸಾಲಿನ ಮೇಲೆ ಮಾತ್ರ. "ಗಂಡ ಚುಕ್ಕಾಣಿ ಹಿಡಿದರೆ, ಹೆಂಡತಿ ಅಡುಗೆಮನೆ ನೋಡಿಕೊಳ್ಳುತ್ತಾಳೆ" ಅಂತ ಒಂದು ವಾಕ್ಯ ಇದೆ. ಓದಲು ಚೆಂದ. ಆದರೆ ಹಾಗೆ ಕೆಲಸ ಹಂಚಿಕೊಂಡು ಸಮುದ್ರಕ್ಕೆ ಇಳಿಯುವುದು ಅಪಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ಗೊತ್ತಾಗಬೇಕಾದ್ದು, ಬೋಟ್ ಸುಮ್ನೆ ನಿಂತಿದ್ದರೂ ಹಾಳಾಗುತ್ತಿರುತ್ತದೆ. ಉಪ್ಪು ನೀರು ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ ಎಲ್ಲವನ್ನೂ ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ತುಕ್ಕು ಹಿಡಿಯುವುದಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಗಾಳಿ ತಾಗದ ಜಾಗದಲ್ಲಿ, ಅಂದರೆ ಕಂಬದ ತಂತಿಗಳನ್ನು ಹಿಡಿದಿಡುವ, ಡೆಕ್ಕಿನ ಒಳಗೆ ಹುದುಗಿದ ಪಟ್ಟಿಗಳಲ್ಲಿ, ಅದೂ ಸದ್ದಿಲ್ಲದೆ ಸವೆಯುತ್ತದೆ. ಹೊರಗಿಂದ ನೋಡಿದರೆ ಫಳಫಳ. ಬಿಸಿಲು ಹಾಯಿಯ ಹೊಲಿಗೆ ದಾರವನ್ನು ಬಟ್ಟೆಗಿಂತ ಮೊದಲೇ ಪುಡಿ ಮಾಡುತ್ತದೆ. ಇವೆರಡೂ ಬಿಟ್ಟದ್ದನ್ನು ಅಲುಗಾಟ ನೋಡಿಕೊಳ್ಳುತ್ತದೆ. ಹಗ್ಗ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಒಂದು ರಾತ್ರಿಯಲ್ಲಿ ಅರ್ಧ ಸವೆದಿರುತ್ತದೆ, ವೈರಿನ ಸ್ಕ್ರೂ ಸಡಿಲ ಆಗುತ್ತದೆ, ಡೀಸೆಲ್ ಟ್ಯಾಂಕಿನ ತಳದಲ್ಲಿ ಕೂತ ಕೆಸರು ಕದಡಿ ಫಿಲ್ಟರ್‌ಗೆ ಬಂದು ಸೇರುತ್ತದೆ, ಅದೂ ಸಮುದ್ರ ಎದ್ದಿರುವ ಹೊತ್ತಿಗೇ. ಯಾಕೆಂದರೆ ಟ್ಯಾಂಕ್ ಕುಲುಕುವುದು ಆಗಲೇ ತಾನೆ.

ಈಗ ಮನೆಯ ನಕ್ಷೆ ಹೇಳುತ್ತೇನೆ. ಹೊರಗಿಂದ ಒಳಗೆ ಇಳಿಯಲು ನಾಲ್ಕು ಮೆಟ್ಟಿಲು. ಆ ಮೆಟ್ಟಿಲಿನ ಪೆಟ್ಟಿಗೆ ಎತ್ತಿದರೆ ಹಿಂದೆ ಡೀಸೆಲ್ ಇಂಜಿನ್. ಮೆಟ್ಟಿಲಿನ ಎಡಕ್ಕೆ ಅಡುಗೆಮನೆ, ಬಲಕ್ಕೆ ನಕ್ಷೆಯ ಮೇಜು. ಅಂದರೆ ಇಂಜಿನ್ ಕೆಲಸ ಶುರುವಾದರೆ ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿದ್ದವರು ಒಳಗೆ ಬರುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಉಪಕರಣದ ಪೆಟ್ಟಿಗೆ ಇರುವುದು ಮಗಳ ಹಾಸಿಗೆಯ ಕೆಳಗೆ. ಪಂಪ್‌ನ ಬಿಡಿಭಾಗ ಮಗನ ಹಾಸಿಗೆಯ ಕೆಳಗೆ, ಅದರ ಮೇಲೆ ಅವನ ಲೆಗೊ, ಅದರ ಮೇಲೆ ಅವನು. ಒಂದು ನಟ್ಟು ಬೇಕು ಅಂದರೂ ಇಡೀ ಮನೆ ಎದ್ದು ಜಾಗ ಬದಲಿಸಬೇಕು. ಗಂಡನೊಬ್ಬ ಮೂಲೆಯಲ್ಲಿ ಕೂತು ರಿಪೇರಿ ಮಾಡಿಕೊಳ್ಳಲಿ, ನಾವು ನಮ್ಮ ಪಾಡಿಗೆ ಇರೋಣ ಅಂದರೆ, ಆ ಮೂಲೆಯೇ ಇಲ್ಲ.

ಒಂದು ಉದಾಹರಣೆ. ಬೋಟಿನ ಇಂಜಿನ್ ತಣ್ಣಗಿರುವುದು ಸಮುದ್ರದ ನೀರಿನಿಂದ. ಆ ನೀರನ್ನು ಒಳಗೆ ಎಳೆಯುವುದು ಇಂಪೆಲ್ಲರ್ ಅನ್ನುವ ಒಂದು ರಬ್ಬರ್ ಚಕ್ರ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಸುತ್ತಲೂ ರಬ್ಬರಿನ ರೆಕ್ಕೆಗಳು. ನೀರು ಎಳೆಯುವ ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಂದು ಮುಚ್ಚಿಕೊಂಡರೆ ಸಾಕು, ಒಣಗಿ ತಿರುಗಿ ಒಂದೆರಡು ನಿಮಿಷದಲ್ಲೇ ರೆಕ್ಕೆಗಳು ಕಿತ್ತು ಬರಬಹುದು. ಮಲಾಕ್ಕಾ ಜಲಸಂಧಿಯಲ್ಲಿ ಪ್ಲಾಸ್ಟಿಕ್ಕಿಗೆ ಬರ ಇಲ್ಲ. ನಮ್ಮ ಬೋಟಿನಲ್ಲಿ ಇಂಜಿನ್ ಚಾಲೂ ಮಾಡಿದ ತಕ್ಷಣ ಮಗ ಹಿಂದೆ ಬಗ್ಗಿ ನೋಡಿ "ನೀರು ಬಂತು!" ಅಂತ ಕೂಗಬೇಕು. ಹೊಗೆಯ ಕೊಳವೆಯಿಂದ ನೀರು ಉಗುಳುತ್ತಿದ್ದರೆ ಇಂಪೆಲ್ಲರ್ ಸರಿ ಇದೆ ಅಂತ ಲೆಕ್ಕ. ಒಮ್ಮೆ ಅವನು ಕೂಗಲಿಲ್ಲ. ಇಂಜಿನ್ ನಿಲ್ಲಿಸಿ, ಮೆಟ್ಟಿಲು ಎತ್ತಿ, ಪಂಪ್‌ನ ಮುಚ್ಚಳ ಬಿಚ್ಚಿದರೆ ಚಕ್ರದಲ್ಲಿ ಎರಡೇ ರೆಕ್ಕೆ ಉಳಿದಿತ್ತು. ಹೊಸದು ಹಾಕುವುದು ಐದು ನಿಮಿಷದ ಕೆಲಸ. ಆದರೆ ಮುರಿದ ತುಂಡುಗಳು ಎಲ್ಲಿ ಹೋದವು? ಅವು ಮುಂದೆ ಹರಿದು, ಇಂಜಿನ್‌ನ ಬಿಸಿ ಇಳಿಸುವ ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಹುಡುಕಿ ತೆಗೆಯದಿದ್ದರೆ ಹೊಸ ಇಂಪೆಲ್ಲರ್ ಹಾಕಿಯೂ ಇಂಜಿನ್ ಬಿಸಿಯಾಗುತ್ತದೆ. ಮಗಳು ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ನಾವು ಚಿಮಟದಲ್ಲಿ ಹೆಕ್ಕಿ ಕೊಟ್ಟ ಒಂದೊಂದು ತುಂಡನ್ನೂ ಹಳೆಯ ಚಕ್ರಕ್ಕೆ ಜೋಡಿಸುತ್ತಾ ಹೋದಳು. ಕೊನೆಯ ಒಂದು ಚೂರು ಸಿಗುವವರೆಗೆ ಯಾರೂ ಊಟ ಮಾಡಲಿಲ್ಲ. ಅವತ್ತು ಅವಳಿಗೆ ಶಾಲೆಯ ಪಾಠ ಆಗಲಿಲ್ಲ ಅಂತ ನನ್ನ ಆಯಿ ಫೋನಿನಲ್ಲಿ ಬೇಜಾರು ಮಾಡಿಕೊಂಡರು. ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಯಾವ ಶಾಲೆಯಲ್ಲಿ ಸಿಗುತ್ತಿತ್ತು ಅಂತ ನನಗೆ ಗೊತ್ತಿಲ್ಲ.

ಈಗ ಆ ವಾಕ್ಯಕ್ಕೆ ಬರುತ್ತೇನೆ. ದೂರದ ಪ್ರಯಾಣದಲ್ಲಿ ಬೋಟ್ ರಾತ್ರಿ ಹಗಲು ನಡೆಯುತ್ತಲೇ ಇರುತ್ತದೆ. ಇಬ್ಬರೇ ದೊಡ್ಡವರು ಇರುವ ಬೋಟಿನಲ್ಲಿ ಸಾಮಾನ್ಯವಾಗಿ ಮೂರು ಮೂರು ಗಂಟೆಯ ಪಾಳಿ ಮಾಡಿಕೊಳ್ಳುತ್ತಾರೆ. ಒಬ್ಬರು ಎಚ್ಚರ, ಇನ್ನೊಬ್ಬರು ನಿದ್ದೆ. ಮೀನುಗಾರರ ಬಲೆ, ದೀಪ ಇಲ್ಲದ ಬಾರ್ಜ್, ಹಡಗುಗಳ ಸಾಲು ಎಲ್ಲವನ್ನೂ ನೋಡಿಕೊಳ್ಳುವುದು ಆ ಹೊತ್ತಿಗೆ ಎಚ್ಚರ ಇದ್ದವರು. ಅಂದರೆ ರಾತ್ರಿಯ ಅರ್ಧ ಹೊತ್ತು ಬೋಟಿಗೆ ನಾನೇ ಕ್ಯಾಪ್ಟನ್, ನಾನೇ ಮೆಕ್ಯಾನಿಕ್, ನಾನೇ ಎಲೆಕ್ಟ್ರಿಷಿಯನ್. ಗಂಡ ಕಾಲು ಜಾರಿ ನೀರಿಗೆ ಬಿದ್ದರೆ ಬೋಟ್ ತಿರುಗಿಸಿ ಅವನನ್ನು ಎತ್ತಬೇಕಾದವಳು ನಾನು. ಅವನಿಗೆ ಜ್ವರ ಬಂದು ಮಲಗಿದರೆ ಫಿಲ್ಟರ್ ಬದಲಿಸಿ, ಡೀಸೆಲ್ ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯಬೇಕಾದವಳೂ ನಾನೇ. ನಾನು ಅಡುಗೆಮನೆ ಮಾತ್ರ ನೋಡಿಕೊಂಡಿದ್ದರೆ ಅವನ ಕತೆ ಏನು? ಹಾಗೆಯೇ ನನಗೆ ಹುಷಾರಿಲ್ಲದಾಗ, ಒಲೆಯ ಗ್ಯಾಸ್ ಎಲ್ಲಿ ಆಫ್ ಮಾಡಬೇಕು, ಯಾವ ಡಬ್ಬಿಯಲ್ಲಿ ಅಕ್ಕಿ, ಮಗನಿಗೆ ಯಾವ ಔಷಧಿ ಆಗಿಬರುವುದಿಲ್ಲ ಅನ್ನುವುದು ಅವನಿಗೆ ಗೊತ್ತಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊರಗೆ ಹೋಗುವುದಿಲ್ಲ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಅಲ್ಲಿ ಒಂದು ಕಿಡಿ ಸಾಕು. ಆ ವಾಲ್ವ್ ಎಲ್ಲಿದೆ ಅಂತ ಅಡುಗೆ ಮಾಡುವವರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಇದರಲ್ಲಿ ಸಮಾನತೆಯ ಭಾಷಣ ಏನೂ ಇಲ್ಲ. ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಅಂದರೆ, ಅವರು ಮಲಗಿದ್ದಾಗ ಯಾರಿಗೂ ಗೊತ್ತಿಲ್ಲದ ಕೆಲಸ.

ನಮ್ಮ ನೌಕಾಪಡೆಯ ತಾರಿಣಿ ನೆನಪಿದೆಯಾ? ಗೋವಾದಲ್ಲೇ ಕಟ್ಟಿದ 56 ಅಡಿಯ ಹಾಯಿದೋಣಿ. 2017ರ ಸೆಪ್ಟೆಂಬರಿನಲ್ಲಿ ವರ್ತಿಕಾ ಜೋಶಿ ನಾಯಕತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು ಅದರಲ್ಲಿ ಜಗತ್ತು ಸುತ್ತಲು ಹೊರಟು 2018ರ ಮೇ ತಿಂಗಳಲ್ಲಿ ವಾಪಸಾದರು. ಇನ್ನೇನು ಮನೆ ಹತ್ತಿರ ಬಂತು ಅನ್ನುವಾಗ ಹಿಂದೂ ಮಹಾಸಾಗರದಲ್ಲಿ ಸ್ಟೀರಿಂಗ್ ಕೆಟ್ಟು, ನಿಲುಗಡೆಯ ಪಟ್ಟಿಯಲ್ಲಿ ಇಲ್ಲದ ಮಾರಿಷಸ್‌ನ ಪೋರ್ಟ್ ಲೂಯಿಸ್‌ಗೆ ಹೋಗಬೇಕಾಯಿತು. ಅದೇ ಬೋಟಿನಲ್ಲಿ 2024ರ ಅಕ್ಟೋಬರ್ 2ಕ್ಕೆ ಹೊರಟ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಜಗತ್ತು ಸುತ್ತಿ 2025ರ ಮೇ 29ಕ್ಕೆ ಗೋವಾಕ್ಕೆ ಮರಳಿದರು. ಇಬ್ಬರೇ! ಅಲ್ಲಿ ಇದು ನಿನ್ನ ಕೆಲಸ, ಅದು ನನ್ನ ಕೆಲಸ ಅನ್ನಲು ಸಾಧ್ಯವಿತ್ತಾ? ಇನ್ನು ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ. 2022ರಲ್ಲಿ ಹೊರಟ, ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಒಬ್ಬರೇ ಹೋಗಿ ಎರಡನೆಯವರಾಗಿ ಬಂದವರು. ಗಾಳಿಯ ದಿಕ್ಕು ನೋಡಿ ಬೋಟನ್ನು ತಾನೇ ನಡೆಸುವ ವಿಂಡ್‌ವೇನ್ ಮುರಿದಾಗ ಟಾಯ್ಲೆಟ್ಟಿನ ಬಾಗಿಲನ್ನೇ ಕೊಯ್ದು ರಿಪೇರಿ ಮಾಡಿಕೊಂಡರು. ನಮ್ಮ ಪತ್ರಿಕೆಗಳು ಅವರ ಧೈರ್ಯದ ಬಗ್ಗೆ ಬರೆದವು, ಸರಿ. ಧೈರ್ಯ ಎಷ್ಟಿದ್ದರೂ ಕೈಯಲ್ಲಿ ಗರಗಸ ಹಿಡಿಯಲು ಬರಬೇಕಲ್ಲ.

ಟಾಯ್ಲೆಟ್ ವಿಷಯ ಬಂತು, ಹೇಳಿಬಿಡುತ್ತೇನೆ. ಪುರವಣಿಯ ಓದುಗರು ಬೆಳಗಿನ ಕಾಫಿ ಜೊತೆ ಓದುತ್ತಿದ್ದರೆ ಕ್ಷಮಿಸಿ. ಬೋಟಿನ ಟಾಯ್ಲೆಟ್‌ನಲ್ಲಿ ಕೈಪಂಪ್ ಒತ್ತಿ ಸಮುದ್ರದ ನೀರು ಎಳೆದು ಹೊರಗೆ ತಳ್ಳಬೇಕು. ಸಮುದ್ರದ ನೀರು ಮತ್ತು ಮೂತ್ರ ಸೇರಿದರೆ ಸುಣ್ಣದಂಥ ಗಟ್ಟಿ ಪದರ ಕಟ್ಟುತ್ತದೆ. ಒಂದೂವರೆ ಇಂಚಿನ ಕೊಳವೆ ಕೆಲವು ವರ್ಷದಲ್ಲಿ ಬೆರಳು ಹೋಗದಷ್ಟು ಕಿರಿದಾಗುತ್ತದೆ. ಆಗಾಗ ವಿನೆಗರ್ ಸುರಿದು ಒಂದು ರಾತ್ರಿ ಬಿಟ್ಟರೆ ಸ್ವಲ್ಪ ಕರಗುತ್ತದೆ. ಕಟ್ಟಿಕೊಂಡ ಮೇಲೆ ದಾರಿ ಒಂದೇ, ಕೊಳವೆ ಕಿತ್ತು ದಡಕ್ಕೆ ಒಯ್ದು ಕಾಂಕ್ರೀಟಿನ ಮೇಲೆ ಬಡಿಯುವುದು. ಈ ಕೆಲಸ ನಮ್ಮ ಮನೆಯಲ್ಲಿ ಪಾಳಿಯ ಮೇಲೆ. ಹೋದ ಸಲ ಗಂಡ, ಈ ಸಲ ನಾನು. ಯಾರದ್ದು ಪಾಳಿ ಅನ್ನುವುದರ ಬಗ್ಗೆ ನಡೆದಷ್ಟು ಜಗಳ ಬೇರೆ ಯಾವುದರ ಬಗ್ಗೆಯೂ ನಡೆದಿಲ್ಲ.

ಜಗಳ ಆಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಮನೆಯಲ್ಲಾದರೆ ಸಿಟ್ಟು ಬಂದವರು ಬಾಗಿಲು ಹಾಕಿಕೊಂಡು ಹೋಗಬಹುದು, ಇಲ್ಲಿ ಹೋಗುವುದು ಎಲ್ಲಿಗೆ? ಡಿಂಗಿ ಅನ್ನುವ ರಬ್ಬರ್ ದೋಣಿ ಒಂದಿದೆ, ಅದರಲ್ಲಿ ಕೂತು ಬೋಟಿಗೆ ಕಟ್ಟಿದ ಹಗ್ಗದ ಉದ್ದದಷ್ಟು ದೂರ ಹೋಗಬಹುದು. ಜಾಸ್ತಿ ಜಗಳ ಆಗುವುದು ಲಂಗರು ಹಾಕುವಾಗ. ಒಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ಗಾಳಿ ಮತ್ತು ಇಂಜಿನ್ ಶಬ್ದ. "ಹಿಂದೆ!" ಅಂದದ್ದು ಅವರಿಗೆ "ಮುಂದೆ!" ಅಂತ ಕೇಳಿಸುತ್ತದೆ. ಸುತ್ತ ನಿಂತ ಬೋಟುಗಳಲ್ಲಿ ಇದ್ದವರೆಲ್ಲ ಕಾಫಿ ಹಿಡಿದು ಬಂದು ನೋಡುತ್ತಾರೆ, ಅದೊಂದು ಬಿಟ್ಟಿ ಯಕ್ಷಗಾನ. ನಾವು ಕೂಗುವುದನ್ನೇ ಬಿಟ್ಟು ಕೈಸನ್ನೆ ಮಾಡಿಕೊಂಡಿದ್ದೇವೆ. ಇನ್ನೂ ಒಂದು ಬದಲಾವಣೆ. ಭಾರದ ಸರಪಳಿ ಎಳೆಯುವ ಕೆಲಸ ಅವನಿಗೆ, ಚುಕ್ಕಾಣಿ ನನಗೆ. ಹೆಚ್ಚಿನ ಬೋಟುಗಳಲ್ಲಿ ಗಂಡಸು ಚಕ್ರ ಹಿಡಿದು ನಿಂತಿರುತ್ತಾನೆ, ಹೆಂಗಸು ಮುಂದೆ ಬಗ್ಗಿ ಸರಪಳಿ ಜೊತೆ ಗುದ್ದಾಡುತ್ತಿರುತ್ತಾಳೆ. ಇದು ಯಾವ ಲೆಕ್ಕ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಮಕ್ಕಳಿಗೂ ಕೆಲಸ ಇದೆ. ಬೋಟಿನ ಹೊಟ್ಟೆಯಲ್ಲಿ ನೀರಿನ ಮಟ್ಟದ ಕೆಳಗೆ ಹಲವು ತೂತುಗಳಿವೆ. ಇಂಜಿನ್‌ಗೆ ನೀರು ಬರುವುದು, ಸಿಂಕ್ ನೀರು ಹೋಗುವುದು, ಟಾಯ್ಲೆಟ್, ಹೀಗೆ. ಪ್ರತಿ ತೂತಿಗೂ ಒಂದು ವಾಲ್ವ್. ವರ್ಷಗಟ್ಟಲೆ ತಿರುಗಿಸದೆ ಬಿಟ್ಟರೆ ಬಿಗಿದುಕೊಂಡು ಬಿಡುತ್ತದೆ, ಬೇಕಾದಾಗ ಮುಚ್ಚಲು ಬರುವುದಿಲ್ಲ. ಆಗಾಗ ಅವನ್ನೆಲ್ಲ ಮುಚ್ಚಿ ತೆರೆದು ನೋಡುವುದು ಮಗನ ಕೆಲಸ. ಅವನ ಕೈ ಚಿಕ್ಕದು, ನಮ್ಮ ಕೈ ಹೋಗದ ಕಡೆ ಹೋಗುತ್ತದೆ. ಒಂದೊಂದು ವಾಲ್ವ್ ಪಕ್ಕದಲ್ಲೂ ಅದೇ ಅಳತೆಯ ಮರದ ಬೆಣೆ ದಾರದಲ್ಲಿ ಕಟ್ಟಿದೆ, ವಾಲ್ವ್ ಮುರಿದರೆ ಆ ಬೆಣೆ ಜಡಿಯಬೇಕು. ಹಿತ್ತಾಳೆಯ ವಾಲ್ವ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರಲ್ಲಿದ್ದ ಸತು ಕರಗಿ ಹೋಗಿದೆ, ಇನ್ನು ಅದು ಬಿಸ್ಕತ್ತಿನ ಹಾಗೆ ಮುರಿಯುತ್ತದೆ ಅಂತ ಅವನಿಗೆ ಗೊತ್ತು. ಮಗಳದ್ದು ಮೇಲಿನ ಕೆಲಸ. ಹಾಯಿ ಕಟ್ಟುವ ಕಂಬವನ್ನು ಎಳೆದು ಹಿಡಿದ ಸ್ಟೀಲ್ ತಂತಿ ಹಗ್ಗಗಳ ಮೇಲೆ ಹತ್ತಿಯ ಉಂಡೆ ಹಿಡಿದು ಮೇಲಿಂದ ಕೆಳಗೆ ಸವರುತ್ತಾಳೆ. ಎಲ್ಲಾದರೂ ಒಂದು ಎಳೆ ಹತ್ತಿ ಸಿಕ್ಕಿಕೊಂಡರೆ ಅಲ್ಲಿ ಒಂದು ತಂತಿ ತುಂಡಾಗಿದೆ ಅಂತ ಅರ್ಥ. ಹತ್ತೊಂಬತ್ತು ತಂತಿ ಸೇರಿಸಿ ಹೆಣೆದದ್ದರಲ್ಲಿ ಒಂದು ಹೋದರೂ ಇಡೀ ಹಗ್ಗ ಬದಲಿಸುವುದೇ ಕ್ಷೇಮ. ಇಲ್ಲದಿದ್ದರೆ ಕಂಬವೇ ಕೆಳಗೆ ಬರುತ್ತದೆ.

ಶಾಲೆ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಲಂಗರು ಹಾಕಿ ನಿಂತಾಗ ಬೆಳಗ್ಗೆ ಪಾಠ, ಪ್ರಯಾಣದ ಮೊದಲೆರಡು ದಿನ ಯಾರಿಗೂ ತಲೆ ಎತ್ತಲು ಆಗುವುದಿಲ್ಲ, ಹಾಗಾಗಿ ರಜೆ. ಮುಂದೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಿಸುವ ಆಲೋಚನೆ. ಕನ್ನಡ ಅಜ್ಜಿಯಿಂದ ಫೋನಿನಲ್ಲಿ.

ಊಟ ಸಮಸ್ಯೆ ಅಲ್ಲ. ಕುಕ್ಕರ್‌ನಷ್ಟು ಒಳ್ಳೆಯ ಪಾತ್ರೆ ಬೋಟಿಗೆ ಮತ್ತೊಂದಿಲ್ಲ. ಮುಚ್ಚಳ ಬಿಗಿ, ಮಗುಚಿದರೂ ಚೆಲ್ಲುವುದಿಲ್ಲ, ಗ್ಯಾಸ್ ಉಳಿತಾಯ. ಅನ್ನಕ್ಕೆ ಒಂದು ಪಾಲು ಸಮುದ್ರದ ನೀರು, ಎರಡು ಪಾಲು ಸಿಹಿನೀರು ಹಾಕಿದರೆ ಉಪ್ಪು ಬೇರೆ ಬೇಡ. ದಡದಿಂದ ದೂರ ಇದ್ದಾಗ ಮಾತ್ರ, ಬಂದರಿನ ನೀರಲ್ಲಿ ಅಲ್ಲ! ದೋಸೆ ಹಿಟ್ಟು ಇಲ್ಲಿನ ಸೆಖೆಗೆ ಬೇಗ ಹುಳಿ ಬರುತ್ತದೆ. ಲಂಕಾವಿಯಲ್ಲಿ ತಮಿಳರ ಅಂಗಡಿಗಳಲ್ಲಿ ಉದ್ದಿನಬೇಳೆ, ಕರಿಬೇವು ಎಲ್ಲ ಸಿಗುತ್ತದೆ. ಒಂದೇ ನಿಯಮ, ರಟ್ಟಿನ ಪೆಟ್ಟಿಗೆ ಬೋಟಿನ ಒಳಗೆ ಬರಬಾರದು. ಅದರ ಮಡಿಕೆಯಲ್ಲಿ ಜಿರಳೆ ಮೊಟ್ಟೆ ಇರಬಹುದು, ಒಮ್ಮೆ ಬಂತೆಂದರೆ ಬೋಟಿನ ಸಂದುಗೊಂದುಗಳಿಂದ ಓಡಿಸುವುದು ದೇವರಿಗೂ ಕಷ್ಟ. ಸಿಹಿನೀರು ಮಾಡುವ ಯಂತ್ರ ಇದೆ ನಮ್ಮಲ್ಲಿ. ಸಮುದ್ರದ ನೀರನ್ನು ಚದರ ಇಂಚಿಗೆ ಸುಮಾರು 800 ಪೌಂಡ್ ಒತ್ತಡದಲ್ಲಿ ಪೊರೆಯ ಮೂಲಕ ತಳ್ಳುತ್ತದೆ. ಬಳಸದೆ ಬಿಟ್ಟರೆ ಪೊರೆ ಕೊಳೆಯುತ್ತದೆ, ನಲ್ಲಿಯ ಕ್ಲೋರಿನ್ ನೀರು ಹಾಯಿಸಿದರೆ ಸುಟ್ಟು ಹೋಗುತ್ತದೆ. ಮಗು ಇದ್ದ ಹಾಗೆ ಅನ್ನಲಾರೆ, ಮಕ್ಕಳು ಇಷ್ಟು ಹಟ ಮಾಡುವುದಿಲ್ಲ.

ಸಂಸಾರಕ್ಕೆ ನಿಜವಾದ ಪರೀಕ್ಷೆ ಬೋಟ್ ದಡಕ್ಕೆ ಏರಿದಾಗ. ಪುರವಣಿಗಳಲ್ಲಿ ಯಾವತ್ತೂ ಬರದ ಭಾಗ ಇದು. ಒಂದೆರಡು ವರ್ಷಕ್ಕೊಮ್ಮೆ ಬೋಟನ್ನು ದೊಡ್ಡ ಪಟ್ಟಿ ಹಾಕಿ ನೀರಿಂದ ಎತ್ತಿ, ಬೋಟ್ ರಿಪೇರಿಯ ಯಾರ್ಡಿನಲ್ಲಿ ಕಬ್ಬಿಣದ ಊರುಗೋಲುಗಳ ಮೇಲೆ ನಿಲ್ಲಿಸಬೇಕು. ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆಯಬೇಕು, ತಾಮ್ರ ಇರುವ ಬಣ್ಣ ಬಳಿಯಬೇಕು, ಕರಗಿದ ಸತುವಿನ ಗಟ್ಟಿಗಳನ್ನು ಬದಲಿಸಬೇಕು. ಸತು ತಾನು ಕರಗಿ ಪ್ರೊಪೆಲ್ಲರನ್ನು ಉಳಿಸುತ್ತದೆ, ಅದಕ್ಕಾಗಿಯೇ ಹಾಕುವುದು. ಆ ದಿನಗಳಲ್ಲಿ ವಾಸ ಎಲ್ಲಿ? ಹೋಟೆಲಿಗೆ ದುಡ್ಡಿದ್ದವರು ಹೋಟೆಲಿಗೆ. ನಮ್ಮಂಥವರು ಹತ್ತಡಿ ಏಣಿ ಹತ್ತಿ ಅದೇ ಬೋಟಿಗೆ. ಸಿಂಕ್ ನೀರು ಕೆಳಗೆ ಕೆಲಸ ಮಾಡುವವರ ತಲೆ ಮೇಲೆ ಬೀಳುತ್ತದೆ, ಅದಕ್ಕೆ ಬಕೆಟ್ ಇಡಬೇಕು. ಟಾಯ್ಲೆಟ್ ಬಳಸುವಂತಿಲ್ಲ. ಅಂದರೆ ನಡುರಾತ್ರಿ ಮಗನಿಗೆ ಹೊರಗೆ ಹೋಗಬೇಕಾದರೆ ಟಾರ್ಚ್ ಹಿಡಿದು ಏಣಿ ಇಳಿದು, ನಾಯಿಗಳನ್ನು ದಾಟಿ ಯಾರ್ಡಿನ ಶೌಚಾಲಯಕ್ಕೆ. ನೀರಿನ ಮೇಲಿದ್ದಾಗ ಬರುತ್ತಿದ್ದ ಗಾಳಿ ಇಲ್ಲ, ಸೊಳ್ಳೆ ಇದೆ. ಹಳೆಯ ಬಣ್ಣ ಉಜ್ಜುವಾಗ ಏಳುವ ಪುಡಿ ವಿಷ, ಮಕ್ಕಳನ್ನು ಹತ್ತಿರ ಬಿಡುವಂತಿಲ್ಲ. ಹಾಗಾಗಿ ಒಬ್ಬರು ಮುಖಕ್ಕೆ ಮಾಸ್ಕ್ ಹಾಕಿ ಉಜ್ಜಿದರೆ ಇನ್ನೊಬ್ಬರು ಮಕ್ಕಳನ್ನು ಕರೆದುಕೊಂಡು ಬೀಚಿಗೆ. ಸಂಜೆ ಪಾಳಿ ಬದಲಾವಣೆ. ಒಂದು ವಾರದ ಕೆಲಸ ಅಂತ ಎತ್ತಿಸಿದ ಬೋಟ್ ಒಂದು ತಿಂಗಳು ನಿಲ್ಲುವುದು ಮಾಮೂಲು. ಯಾಕೆಂದರೆ ಒಂದು ಬಿಚ್ಚಿದರೆ ಹಿಂದೆ ಇನ್ನೊಂದು ಕಾಣುತ್ತದೆ. ಬೇರಿಂಗ್ ಬದಲಿಸಲು ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ತೆಗೆದರೆ ಶಾಫ್ಟ್ ಸವೆದಿರುತ್ತದೆ. ಶಾಫ್ಟ್ ಹೊಸದು ಬರಲು ಕಾಯಬೇಕು. ಕಾಯುವಾಗ ಮಳೆ. ಒಂದು ಯಾರ್ಡಿನಲ್ಲಿ ಎರಡು ವಾರ ಅಂತ ಹೇಳಿದ ವೆಲ್ಡರ್ ಹಬ್ಬಕ್ಕೆ ಊರಿಗೆ ಹೋದವನು ಬರಲೇ ಇಲ್ಲ. ಕೊನೆಗೆ ನಾನೇ ಡ್ರಿಲ್ ಹಿಡಿದೆ.

ಇಂಥ ಯಾರ್ಡಿನಲ್ಲಿ ಸಂಸಾರಗಳು ಮುರಿದದ್ದನ್ನು ನೋಡಿದ್ದೇನೆ. ಸಮುದ್ರದಲ್ಲಿ ಅಲ್ಲ, ಬಿರುಗಾಳಿಯಲ್ಲಿ ಅಲ್ಲ, ಇಲ್ಲಿ, ಏಣಿಯ ಕೆಳಗೆ. ಗಂಡ ಇಡೀ ದಿನ ಧೂಳಲ್ಲಿ, ಹೆಂಡತಿ ಮೇಲೆ ಸೆಖೆಯಲ್ಲಿ, ಅವನು ಏನು ಮಾಡುತ್ತಿದ್ದಾನೆ ಅಂತ ಇವಳಿಗೆ ಗೊತ್ತಿಲ್ಲ, ಯಾಕಿಷ್ಟು ದಿನ ಅಂತ ಕೇಳಿದರೆ ಅವನಿಗೆ ಸಿಟ್ಟು. ಇಬ್ಬರಿಗೂ ಕೆಲಸ ಗೊತ್ತಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ. ಶಾಫ್ಟ್ ಯಾಕೆ ತಡ ಅಂತ ನನಗೂ ಗೊತ್ತಿರುತ್ತದೆ, ಬೈಯುವುದಾದರೆ ಇಬ್ಬರೂ ಸೇರಿ ಶಾಫ್ಟಿಗೆ ಬೈಯುತ್ತೇವೆ.

ದುಡ್ಡಿನ ಮಾತು. ಬೋಟಿನ ಬೆಲೆಯ ಹತ್ತನೇ ಒಂದು ಭಾಗ ವರ್ಷಕ್ಕೆ ರಿಪೇರಿಗೆ ಎತ್ತಿಡಬೇಕು ಅಂತ ಬೋಟಿನವರು ಹೇಳುವ ಒಂದು ಲೆಕ್ಕ ಇದೆ. ಹಳೆಯ, ಅಗ್ಗದ ಬೋಟಿಗೆ ಆ ಲೆಕ್ಕ ಸಾಲುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡ ಬೋಟಿನ ಇಂಜಿನ್, ಕಂಬದ ತಂತಿ, ಹಾಯಿ ಮೂರೂ ಒಟ್ಟಿಗೆ ಮುಗಿದಿದ್ದರೆ ಕೊಂಡಷ್ಟೇ ಮತ್ತೆ ಸುರಿಯಬೇಕು. ಕಂಬದ ತಂತಿಗಳನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ, ಹಳೆಯದಾದರೆ ವಿಮೆ ಕಂಪನಿಗಳೂ ತಗಾದೆ ತೆಗೆಯುತ್ತವೆ. ಫ್ಲಾಟ್ ಮಾರುವ ಆಲೋಚನೆ ಇರುವವರು ಬೋಟ್ ಕೊಳ್ಳುವ ಮೊದಲು ಬೋಟ್ ಪರೀಕ್ಷಿಸುವ ಸರ್ವೇಯರ್ ಕರೆಸಿ, ಬೋಟನ್ನು ನೀರಿಂದ ಎತ್ತಿಸಿ ನೋಡಿ. ಅದಕ್ಕೂ ಮೊದಲು ಗಂಡ ಹೆಂಡತಿ ಇಬ್ಬರೂ ಒಂದು ಡೀಸೆಲ್ ಮೆಕ್ಯಾನಿಕ್ ಅಂಗಡಿಯಲ್ಲಿ ಒಂದು ತಿಂಗಳು ಕೆಲಸ ಕಲಿಯಿರಿ. ಇಬ್ಬರಲ್ಲಿ ಒಬ್ಬರಿಗೆ ಅದು ಸಹಿಸಲು ಆಗದಿದ್ದರೆ, ಫ್ಲಾಟ್ ಇಟ್ಟುಕೊಳ್ಳಿ, ರಜೆಯಲ್ಲಿ ಬಾಡಿಗೆ ಬೋಟಿನಲ್ಲಿ ಸುತ್ತಾಡಿ ಬನ್ನಿ. ಅದೂ ಚೆನ್ನಾಗಿರುತ್ತದೆ.

ಇನ್ನೊಂದು ವಿಷಯ ಹೇಳದೆ ಪತ್ರ ಮುಗಿಸಲಾರೆ. ಲೇಖನದಲ್ಲಿ ಇದೆಲ್ಲ ವಿದೇಶದ ಬದುಕು ಅನ್ನುವ ಧಾಟಿ ಇದೆ. ಬೋಟ್ ರಿಪೇರಿ ನಮ್ಮ ಕರಾವಳಿಗೆ ಹೊಸದಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಮಲ್ಪೆ, ಗಂಗೊಳ್ಳಿ, ಹೊನ್ನಾವರ ಬಂದರುಗಳಿಗೆ ಹೋಗಿ ನೋಡಿ. ಬೋಟುಗಳನ್ನು ಮೇಲೆಳೆದು ತಳ ಕೆರೆಯುತ್ತಾರೆ, ಹಲಗೆ ಸಂದು ತುಂಬುತ್ತಾರೆ, ಇಂಜಿನ್ ಇಳಿಸುತ್ತಾರೆ, ಶೆಡ್ಡುಗಳಲ್ಲಿ ಸಾಲಾಗಿ ಕೂತು ಬಲೆ ಹೆಣೆಯುತ್ತಾರೆ. ಮುಗಿದ ಮೇಲೆ ಸಮುದ್ರಪೂಜೆ ಮಾಡಿ ಇಳಿಯುತ್ತಾರೆ. ನಾವು ಇಲ್ಲಿ ಆಯುಧಪೂಜೆಗೆ ಹಗ್ಗ ಎಳೆಯುವ ವಿಂಚ್, ಹೊಲಿಗೆ ಯಂತ್ರ, ಸ್ಪ್ಯಾನರ್ ಸೆಟ್ಟಿಗೆ ಕುಂಕುಮ ಇಟ್ಟರೆ ಪಕ್ಕದ ಬೋಟಿನ ಫ್ರೆಂಚ್ ಕುಟುಂಬ ಆಶ್ಚರ್ಯದಿಂದ ನೋಡುತ್ತದೆ. ಹೋದ ವರ್ಷ ಅವರೂ ತಮ್ಮ ಡಿಂಗಿಯ ಔಟ್‌ಬೋರ್ಡ್ ಮೋಟಾರ್ ಹೊತ್ತು ತಂದು ಇಟ್ಟರು. ಅದು ಪೂಜೆ ಆದ ಮೇಲೂ ಚಾಲೂ ಆಗಲಿಲ್ಲ, ಕಾರ್ಬ್ಯುರೇಟರ್ ಬಿಚ್ಚಿದ ಮೇಲೆ ಆಯಿತು.

ಲಂಕಾವಿಗೆ ಇಷ್ಟೊಂದು ಬೋಟುಗಳು ಯಾಕೆ ಬರುತ್ತವೆ ಗೊತ್ತಾ? ಸಮಭಾಜಕಕ್ಕೆ ಹತ್ತಿರ, ಚಂಡಮಾರುತದ ಕಾಟ ಇಲ್ಲ ಅನ್ನಬಹುದು. ಸುಂಕ ಇಲ್ಲದ ದ್ವೀಪ. ಅದಕ್ಕಿಂತ ಮುಖ್ಯ, ಎತ್ತುವ ಯಾರ್ಡ್ ಇದೆ, ಬಿಡಿಭಾಗ ತರಿಸುವ ಅಂಗಡಿ ಇದೆ, ಹಾಯಿ ಹೊಲಿಯುವವರು, ವೆಲ್ಡಿಂಗ್ ಮಾಡುವವರು ಇದ್ದಾರೆ. ಕೆರಿಬಿಯನ್ನಿನ ಟ್ರಿನಿಡಾಡ್‌ನಲ್ಲಿ ಶಾಗ್ವರಾಮಸ್ ಅನ್ನುವ ಊರೂ ಹೀಗೆಯೇ ಬೆಳೆದದ್ದು. ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲಕ್ಕೆ ಬೋಟುಗಳು ದಕ್ಷಿಣಕ್ಕೆ ಸರಿದು ಅಲ್ಲಿ ದಡ ಏರುತ್ತವೆ, ಆ ತಿಂಗಳುಗಳ ರಿಪೇರಿಯೇ ಊರಿನ ಸಂಪಾದನೆ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಸ್ವಲ್ಪ ಉತ್ತರದ ಕ್ಯಾರಿಯಾಕೌ ದ್ವೀಪಕ್ಕೆ ಬಡಿದು, ಅಲ್ಲಿ ಆಶ್ರಯ ಪಡೆದಿದ್ದ ಬೋಟುಗಳನ್ನು ರಾಶಿ ಹಾಕಿದ ಮೇಲಂತೂ ಆ ಕಡೆಯವರಿಗೆ ಜಾಗದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗಿದೆ. ಇತ್ತ 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ನಂತರ ಯುರೋಪಿಗೆ ಹೋಗಬೇಕಿದ್ದ ಎಷ್ಟೋ ಬೋಟುಗಳು ಈ ಭಾಗದಲ್ಲೇ ನಿಂತಿವೆ. ಇವೆಲ್ಲಕ್ಕೂ ರಿಪೇರಿ ಬೇಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಂಥ ಬೋಟುಗಳು ಹೆಚ್ಚಾಗಿ ಬಂದು ನಿಲ್ಲುವುದು ಕೊಚ್ಚಿಯಲ್ಲಿ. ಬೈಂದೂರಿನ ಕಡೆ ಮರೀನಾ, ಅಂದರೆ ಇಂಥ ಬೋಟುಗಳು ಕಟ್ಟಿ ನಿಲ್ಲುವ ಬಂದರು, ಆಗುತ್ತದೆ ಅನ್ನುವ ಸುದ್ದಿಯನ್ನು ನಿಮ್ಮ ಪತ್ರಿಕೆಯಂಥ ಪತ್ರಿಕೆಗಳಲ್ಲೇ ಓದಿದ್ದೇನೆ. ಆಗಲಿ, ನಮಗೂ ಊರಿಗೆ ನಮ್ಮ ಮನೆಯಲ್ಲೇ ಕೂತು ಬರುವ ಆಸೆ. ಆದರೆ ಮರೀನಾ ಅಂದರೆ ರೆಸ್ಟೋರೆಂಟ್, ಸೆಲ್ಫಿ ಜಾಗ, ವಾಟರ್ ಸ್ಕೂಟರ್ ಅಂದುಕೊಂಡರೆ ನಮ್ಮಂಥವರು ಒಂದು ರಾತ್ರಿ ನಿಂತು ಕೊಚ್ಚಿಗೆ ಹೋಗುತ್ತೇವೆ. ಬೋಟ್ ಎತ್ತುವ ಕ್ರೇನ್, ನಿಲ್ಲಿಸುವ ಅಂಗಳ, ಶುದ್ಧ ಡೀಸೆಲ್, ಬಿಡಿಭಾಗ ತರಿಸಿದರೆ ಕಸ್ಟಮ್ಸ್‌ನಲ್ಲಿ ತಿಂಗಳುಗಟ್ಟಲೆ ಕೊಳೆಯದ ಹಾಗೆ ಒಂದು ವ್ಯವಸ್ಥೆ, ಇಷ್ಟಿದ್ದರೆ ಕೆಲಸಕ್ಕೆ ಜನ ಗಂಗೊಳ್ಳಿಯಲ್ಲೇ ಇದ್ದಾರೆ. ಟ್ರಾಲ್ ಬೋಟಿನ ಇಂಜಿನ್ ಬಿಚ್ಚಿ ಜೋಡಿಸುವವನಿಗೆ ನಮ್ಮ ಪುಟ್ಟ ಇಂಜಿನ್ ಯಾವ ಲೆಕ್ಕ? ಮುಂದಿನ ಸಲ ಮರೀನಾ ಯೋಜನೆಯ ಸುದ್ದಿ ಬಂದಾಗ, ನಕ್ಷೆಯಲ್ಲಿ ಕ್ರೇನ್ ಎಲ್ಲಿದೆ, ವರ್ಕ್‌ಶಾಪ್ ಎಲ್ಲಿದೆ ಅಂತ ನಿಮ್ಮ ವರದಿಗಾರರು ಅಧಿಕಾರಿಗಳನ್ನು ಒಮ್ಮೆ ಕೇಳಲಿ.

— ಹೊನ್ನಾವರ ಮೂಲದ ಒಬ್ಬ ಓದುಗಿ, ಸದ್ಯ ಲಂಕಾವಿ, ಮಲೇಷ್ಯಾ